ಬೇಲಿಯಿಲ್ಲದ ತೋಟ: ಒಂದು ಮಕ್ಕಳ ಕಾದಂಬರಿಯ ಪರಾಮರ್ಶೆ

ಮಕ್ಕಳ ಸಾಹಿತ್ಯವನ್ನು ಕುರಿತು ಒಂದು ಬಗೆಯ ಉದಾಸೀನ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಪ್ರೌಢರ ಕಾದಂಬರಿಯನ್ನು ತೂಗುವ ತಕ್ಕಡಿಯಲ್ಲಿ ಮಕ್ಕಳ ಕಥೆಯನ್ನಿಡಲು ವಿಮರ್ಶಕರು ಹಿಂಜರಿಯುತ್ತಾರೆ. ಕಥೆಯ ತುದಿಯಲ್ಲಿ ಒಂದು ನೀತಿ ದೊರೆತರೆ ಸಾಕೆಂದು ತಾಯಿತಂದೆಗಳು ತೃಪ್ತರಾಗುತ್ತಾರೆ. ಆದರೆ ‘ಇವರು ನಮ್ಮ ಕಡೆಯವರು, ಅವರು ಹೊರಗಿನವರು’ ಎಂಬ ಗೆರೆ ಮನುಷ್ಯನ ಮನಸ್ಸಿನಲ್ಲಿ ಮೂಡುವುದು ಎಳೆಯ ವಯಸ್ಸಿನಲ್ಲಿಯೇ. ಒಮ್ಮೆ ಮೂಡಿದ ಆ ಗೆರೆಯನ್ನು ಮುಂದೆ ಯಾವ ಉಪನ್ಯಾಸವೂ ಸುಲಭವಾಗಿ ಅಳಿಸಲಾರದು. ಆದಕಾರಣ, ಊರಿಗೆ ಹೊಸಬರು ಬಂದಾಗ ಇದ್ದವರು ಹೇಗೆ ನಡೆದುಕೊಳ್ಳಬೇಕು, ಬಂದವರು ಹೇಗೆ ನಡೆದುಕೊಳ್ಳಬೇಕು ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಡುವ ಪುಸ್ತಕವನ್ನು ಲಘುವಾಗಿ ಕಾಣುವಂತಿಲ್ಲ. ಅಂಥದೊಂದು ಕೃತಿ ಅಮೆರಿಕದ ಲೇಖಕ ರಾಬರ್ಟ್ ಲಾಸನ್ ಬರೆದ ‘ರ‍್ಯಾಬಿಟ್ ಹಿಲ್’, ಎಂದರೆ ಮೊಲಗಳ ಗುಡ್ಡ. ಸಹೃದಯರಾದ ನಮ್ಮ ವಾಚಕರ ಗಮನಕ್ಕೆ ಅದರ ಗುಣದೋಷಗಳನ್ನು ತರುವುದು ಈ ಲೇಖನದ ಉದ್ದೇಶ.

ಈ ಕಾದಂಬರಿ ಪ್ರಕಟವಾದದ್ದು 1944ರಲ್ಲಿ. ಮರುವರ್ಷ, 1945ರಲ್ಲಿ, ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ಹಿರಿಯ ಮನ್ನಣೆಯಾದ ನ್ಯೂಬೆರಿ ಪದಕ ಇದಕ್ಕೆ ದೊರೆಯಿತು. ಲಾಸನ್ (1892–1957) ಮೂಲತಃ ಚಿತ್ರಕಾರ. ಕಾಳಗಕ್ಕಿಳಿಯಲೊಲ್ಲದೆ ಹೂವಿನ ಪರಿಮಳವನ್ನು ಸವಿಯುತ್ತ ಕುಳಿತ ಹೋರಿಯ ಕಥೆಯಾದ ‘ಫರ್ಡಿನೆಂಡ್’ ಪುಸ್ತಕಕ್ಕೆ 1936ರಲ್ಲಿ ಚಿತ್ರ ಬರೆದು ಲೋಕಪ್ರಸಿದ್ಧನಾದವನು ಈತನೇ. ಚಿತ್ರಪುಸ್ತಕಗಳಿಗೆ ಸಲ್ಲುವ ಕಾಲ್ಡೆಕಾಟ್ ಪದಕವನ್ನು 1941ರಲ್ಲಿಯೇ ಪಡೆದಿದ್ದ ಈತ, ಈ ಎರಡು ಪದಕಗಳನ್ನೂ ಪಡೆದವರಲ್ಲಿ ಮೊದಲಿಗ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಸೈನ್ಯದ ಮರೆಮಾಚುವಿಕೆಯ ವಿಭಾಗದಲ್ಲಿ ದುಡಿದವನು. ಅಡಗಿ ಕುಳಿತ ಜೀವಕ್ಕೆ ಲೋಕ ಹೇಗೆ ಕಾಣುತ್ತದೆಂಬುದನ್ನು ಬಲ್ಲವನು. ಕನೆಟಿಕಟ್ ರಾಜ್ಯದ ವೆಸ್ಟ್‌ಪೋರ್ಟ್ ಎಂಬಲ್ಲಿ ತಾನು ಕಟ್ಟಿಕೊಂಡ ಮನೆಗೆ ಈತ ‘ರ‍್ಯಾಬಿಟ್ ಹಿಲ್’ ಎಂದೇ ಹೆಸರಿಟ್ಟಿದ್ದ. ಕಾದಂಬರಿಯ ನೆಲ ಅವನ ಅಂಗಳದ ನೆಲವೇ ಆಗಿದೆ.

ಕಥೆ ಸರಳವಾದದ್ದು. ಗುಡ್ಡದ ಮೇಲಿನ ದೊಡ್ಡ ಮನೆ ಬಹಳ ದಿನಗಳಿಂದ ಬರಿದಾಗಿದೆ. ತೋಟ ಹಾಳುಬಿದ್ದಿದೆ, ಹುಲ್ಲುಹಾಸಿನಲ್ಲಿ ಕಳೆ ತುಂಬಿದೆ. ಹಿಂದೆ ಅಲ್ಲಿದ್ದವರು ನೆಲದ ಮೇಲೆ ಅಕ್ಕರೆಯಿಲ್ಲದ ಜನ. ಮನುಷ್ಯರು ಬೆಳೆಯದ ಮೇಲೆ ಸುತ್ತಲಿನ ಪ್ರಾಣಿಗಳಿಗೂ ಬರಗಾಲ. ಹೀಗಿರುವಾಗ ಹೊಸಬರು ಬರುತ್ತಾರಂತೆ ಎಂಬ ಸುದ್ದಿ ಗುಡ್ಡದ ತುಂಬ ಹಬ್ಬುತ್ತದೆ. ಪುಟ್ಟ ಜಾರ್ಜಿ ಎಂಬ ಮರಿಮೊಲ, ಗಾಂಭೀರ್ಯದಿಂದ ಮಾತನಾಡುವ ಅದರ ತಂದೆ, ಸದಾ ಕಳವಳಪಡುವ ತಾಯಿ, ಬಿಲದಲ್ಲಿ ಬೀಡುಬಿಟ್ಟ ಪೋರ್ಕಿ ಎಂಬ ವುಡ್‌ಚಕ್, ದುರ್ಗಂಧದ ಸ್ಕಂಕ್ ಜಾತಿಗೆ ಸೇರಿ ಕಸದ ಡಬ್ಬಿಯ ರುಚಿಯನ್ನು ಬಲ್ಲ ಫ್ಯೂವಿ, ನೆಲದೊಳಗೆ ಸುರಂಗ ತೋಡುವ ಮಂದದೃಷ್ಟಿಯ ಮೋಲ್, ಅದಕ್ಕೆ ಕಣ್ಣಾಗಿ ನಿಲ್ಲುವ ವಿಲ್ಲಿ ಎಂಬ ಹೊಲದಿಲಿ, ಬೂದು ನರಿ, ಕೆಂಪು ಜಿಂಕೆ, ಹೀಗೆ ಎಲ್ಲವೂ ಕಾಯತೊಡಗುತ್ತವೆ. ಬರುವವರು ಬಿತ್ತಿ ಬೆಳೆಯುವ ಜನವೋ? ನಾಯಿಯನ್ನು ತರುವರೋ? ಬಂದೂಕವಿದೆಯೋ? ಬೋನು, ವಿಷ ಇಡುವರೋ? ಪೋರರಿರುವರೋ? ಈ ಪ್ರಶ್ನೆಗಳು ಪ್ರಾಣಿಗಳ ಬಾಯಲ್ಲಿ ನಗೆ ತರಿಸುವಂತೆ ಬಂದರೂ, ಅವುಗಳ ಹಿಂದೆ ಇರುವುದು ಜೀವಭಯವೇ.

ಹೊಸಬರು ಬರುತ್ತಾರೆ. ಅವರ ನಡವಳಿಕೆ ಊರಿನ ಕೆಲಸಗಾರರಿಗೂ ವಿಚಿತ್ರವಾಗಿ ಕಾಣುತ್ತದೆ. ಹಾದಿಯಲ್ಲಿ ಚಿಕ್ಕ ಪ್ರಾಣಿಗಳು ಓಡಾಡುವುದರಿಂದ ವಾಹನವನ್ನು ಜೋಪಾನವಾಗಿ ನಡೆಸಬೇಕೆಂದು ಫಲಕ ಹಾಕಿಸುತ್ತಾರೆ. ತೋಟಕ್ಕೆ ಬೇಲಿ ಬೇಡ, ಬೋನು ಬೇಡ, ವಿಷ ಬೇಡ ಎನ್ನುತ್ತಾರೆ. ಅವರು ತಂದಿರುವ ಬೆಕ್ಕು ಮುಪ್ಪಿನಿಂದ ನಿರುಪದ್ರವಿಯಾದದ್ದು. ತೋಟದ ಕೆಲಸದ ಟಿಮ್ ಮೆಕ್‌ಗ್ರಾತ್, ಇವರು ಪುಸ್ತಕ ಓದಿ ಓದಿ ಬುದ್ಧಿ ಕೆಡಿಸಿಕೊಂಡ ಜನವೆಂದು ತೀರ್ಮಾನಿಸುತ್ತಾನೆ. ಒಂದು ದಿನ ವಿಲ್ಲಿ ಮಳೆನೀರಿನ ಪೀಪಾಯಿಯಲ್ಲಿ ಬಿದ್ದಾಗ ಮನೆಯವರೇ ಅದನ್ನು ಎತ್ತಿ ಬದುಕಿಸುತ್ತಾರೆ. ಅನಂತರ ಪುಟ್ಟ ಜಾರ್ಜಿಗೆ ರಸ್ತೆಯಲ್ಲಿ ಮೋಟಾರು ಬಡಿಯುತ್ತದೆ. ಮನೆಯವರು ಅದನ್ನು ಒಳಕ್ಕೆ ಕೊಂಡೊಯ್ಯುತ್ತಾರೆ. ಜಾರ್ಜಿ ಕಣ್ಣಿಗೆ ಕಾಣದಿರುವ ಆ ದಿನಗಳಲ್ಲಿ ಗುಡ್ಡದ ನಂಬಿಕೆ ಅಲುಗಾಡುತ್ತದೆ. ಕೊನೆಗೆ ನಡುಬೇಸಗೆಯ ಇರುಳು ಆ ನಂಬಿಕೆ ಮರಳುತ್ತದೆ. ಅದು ಹೇಗೆಂಬುದನ್ನು ಮುಂದೆ ನೋಡೋಣ.

ಈ ಕೃತಿಯ ಮೊದಲ ಗುಣ ಅದರ ದೃಷ್ಟಿಕೋನದಲ್ಲಿದೆ. ಸಾಮಾನ್ಯವಾಗಿ ಇಂಥ ಕಥೆಗಳಲ್ಲಿ ಮನುಷ್ಯ ಮನೆಯ ಯಜಮಾನ, ಪ್ರಾಣಿ ಒಳನುಗ್ಗಿದ ಕಳ್ಳ. ಬಿಯಾಟ್ರಿಕ್ಸ್ ಪಾಟರ್ 1902ರಲ್ಲಿ ಪ್ರಕಟಿಸಿದ ಪೀಟರ್ ಎಂಬ ಮೊಲದ ಕಥೆ ಇದಕ್ಕೆ ಮಾದರಿ. ಅಲ್ಲಿ ತೋಟವೆಂದರೆ ನಿಷಿದ್ಧ ಸ್ಥಳ. ಅಲ್ಲಿಗೆ ಹೋದ ತಂದೆ ತೋಟದವರ ಊಟದ ತಟ್ಟೆಯನ್ನು ಸೇರಿದ್ದಾನೆ. ಮಗ ಅಂಗಿ, ಪಾದರಕ್ಷೆಗಳನ್ನು ಕಳೆದುಕೊಂಡು ಓಡಿಬರುತ್ತಾನೆ. ಅದು ಸೊಗಸಾದ ಕಥೆ. ಆದರೆ ತೋಟ ಯಾರದೆಂಬ ಪ್ರಶ್ನೆಯನ್ನು ಅದು ಎತ್ತುವುದಿಲ್ಲ. ಲಾಸನ್ನನ ಗುಡ್ಡದಲ್ಲಿ ಮೊದಲಿನಿಂದ ಇದ್ದವು ಪ್ರಾಣಿಗಳು. ಹೊಸದಾಗಿ ಬರುವವರು ಮನುಷ್ಯರು. ಆದ್ದರಿಂದ ನೆರೆಹೊರೆಯವರಂತೆ ಯೋಚಿಸುವ ಹೊಣೆ ಪ್ರಾಣಿಗಳ ಮೇಲೆ ಬೀಳುತ್ತದೆ. ಓದುವ ಮಗು ಮೊಲದ ಪಕ್ಕದಲ್ಲಿ ನಿಂತು, ಹೊಸ್ತಿಲು ದಾಟಿ ಬರುತ್ತಿರುವ ತನ್ನ ಜಾತಿಯನ್ನೇ ಸಂಶಯದಿಂದ ನೋಡುತ್ತದೆ. ಹೊಸಬರ ಕಡೆಯಿಂದ ಬಂದ ಮಗುವಿಗೂ ಇದ್ದವರ ಕಡೆಯಿಂದ ಬಂದ ಮಗುವಿಗೂ ಈ ಸ್ಥಾನಪಲ್ಲಟ ಒಂದೇ ಪಾಠವನ್ನು ಕಲಿಸುತ್ತದೆ: ಅಂಜುವವನಿಗೂ ಕಾರಣವಿರುತ್ತದೆ, ಅಂಜಿಸುವವನಿಗೆ ಅದು ತಿಳಿದಿರುವುದಿಲ್ಲ.

ಎರಡನೆಯ ಗುಣ, ವದಂತಿಯನ್ನು ಕುರಿತು ಲೇಖಕ ತೋರಿಸುವ ತಿಳಿವಳಿಕೆ. ಅಂಕಲ್ ಅನಲ್ಡಸ್ ಎಂಬ ಮುದಿಮೊಲ ಈ ಕಥೆಯ ಅತ್ಯಂತ ಸಜೀವ ಪಾತ್ರ. ಡ್ಯಾನ್‌ಬರಿಯ ಕಡೆ ಒಂಟಿಯಾಗಿದ್ದ ಅವನನ್ನು ಕರೆತರಲು ಪುಟ್ಟ ಜಾರ್ಜಿ ದೂರದ ಹಾದಿಯನ್ನು ನಡೆದು, ಬೆನ್ನಟ್ಟಿದ ನಾಯಿಯಿಂದ ತಪ್ಪಿಸಿಕೊಳ್ಳಲು ಅಗಲವಾದ ಹಳ್ಳವನ್ನು ಹಾರಿ ಹೋಗಿರುತ್ತದೆ. ಅನುಭವ ಬಹಳ, ನಾಲಗೆ ಹರಿತ, ಮನಸ್ಸು ಕೆಟ್ಟದ್ದಲ್ಲ. ಆದರೆ ಜಾರ್ಜಿ ಮನೆಯೊಳಗೆ ಸೇರಿದ ಮೇಲೆ ಕಾಣದ್ದನ್ನು ಕಂಡಂತೆ ಹೇಳತೊಡಗುವವನು ಅವನೇ. ಅವರು ಮರಿಯನ್ನು ಹಿಂಸಿಸುತ್ತಿದ್ದಾರೆ, ತೋಟದಲ್ಲಿ ಕಟ್ಟುತ್ತಿರುವುದು ಸೆರೆಮನೆ, ಪೆಟ್ಟಿಗೆಯಲ್ಲಿ ಬಂದದ್ದು ಕೊಲ್ಲುವ ಯಂತ್ರ ಎಂಬಂತೆ ಅವನ ಊಹೆ ದಿನದಿನಕ್ಕೆ ಬೆಳೆಯುತ್ತದೆ. ದುಃಖದಲ್ಲಿರುವ ಗುಡ್ಡ ಅದನ್ನು ನಂಬತೊಡಗುತ್ತದೆ. ಇಲ್ಲಿ ಲಾಸನ್ ಮುದುಕನನ್ನು ಖಳನನ್ನಾಗಿ ಮಾಡುವುದಿಲ್ಲ. ಅವನ ಸುಳ್ಳು ದ್ವೇಷದಿಂದ ಹುಟ್ಟಿದ್ದಲ್ಲ. ಮರಿಯ ಮೇಲಿನ ಪ್ರೀತಿಯಿಂದ, ನೋಡಲಾಗದ ಸಂಕಟದಿಂದ ಹುಟ್ಟಿದ್ದು. ವದಂತಿಗೆ ಕೇಡಿಗರೇ ಬೇಕಾಗಿಲ್ಲ, ಒಳ್ಳೆಯವರ ಭಯವೇ ಸಾಕು ಎಂಬ ಮಾತನ್ನು ಇಷ್ಟು ಸೌಮ್ಯವಾಗಿ ತಿಳಿಸಿದ ಮಕ್ಕಳ ಪುಸ್ತಕಗಳು ಹೆಚ್ಚಿಲ್ಲ. ಹೊಸದಾಗಿ ನೆಲೆಸಿದ ಕುಟುಂಬವೊಂದರ ಮೇಲೆ ಕ್ಷಣಾರ್ಧದಲ್ಲಿ ಊರೆಲ್ಲ ಸುದ್ದಿ ಹರಡಬಲ್ಲ ಇಂದಿನ ದಿನಗಳಲ್ಲಿ ಈ ಅಧ್ಯಾಯಗಳ ಬೆಲೆ ಇಮ್ಮಡಿಯಾಗಿದೆ.

ಜೊತೆಗೆ ಗಮನಿಸಬೇಕಾದದ್ದು: ಕಣ್ಣುಮುಚ್ಚಿ ನಂಬಬೇಕೆಂದು ಲೇಖಕ ಮಕ್ಕಳಿಗೆ ಬೋಧಿಸುವುದಿಲ್ಲ. ತಾಯಿಮೊಲದ ಎಚ್ಚರಿಕೆಯನ್ನು ಹಾಸ್ಯ ಮಾಡಿದರೂ ತಿರಸ್ಕರಿಸುವುದಿಲ್ಲ. ತಂದೆಮೊಲ ದಾರಿಯಲ್ಲಿರುವ ನಾಯಿಗಳನ್ನೂ ದಾಟುವ ಜಾಗಗಳನ್ನೂ ಮಗನಿಗೆ ಒಪ್ಪಿಸಿಕೊಂಡೇ ಹೊರಗೆ ಕಳುಹಿಸುತ್ತದೆ. ಹೊಸಬರನ್ನು ಅಳೆಯಬೇಕಾದದ್ದು ಮಾತಿನಿಂದಲ್ಲ, ಗಾಳಿಸುದ್ದಿಯಿಂದಲೂ ಅಲ್ಲ, ಅವರ ನಡತೆಯಿಂದ. ಅದಕ್ಕೆ ಕಾಲ ಕೊಡಬೇಕು ಎಂಬುದಷ್ಟೇ ಗುಡ್ಡದ ವಿವೇಕ.

ಇನ್ನು ಕೃತಿಯ ಹೃದಯಭಾಗ. ನಡುಬೇಸಗೆಯ ಇರುಳು ಪ್ರಾಣಿಗಳೆಲ್ಲ ತೋಟದ ಅಂಚಿನಲ್ಲಿ ಸೇರುತ್ತವೆ. ಮನೆಯವರು ದೂರದಲ್ಲಿ ಮೌನವಾಗಿ ಕುಳಿತಿದ್ದಾರೆ. ಪುಟ್ಟ ಜಾರ್ಜಿ ಕ್ಷೇಮವಾಗಿ ಹೊರಬರುತ್ತದೆ. ಮುದುಕ ಊಹಿಸಿದ್ದ ಸೆರೆಮನೆಯ ಜಾಗದಲ್ಲಿರುವುದು ಅಸ್ಸಿಸಿಯ ಸಂತ ಫ್ರಾನ್ಸಿಸನ ಕಲ್ಲಿನ ವಿಗ್ರಹ. ಅದರ ಬುಡದಲ್ಲಿ ನೀರು, ಸುತ್ತಲಿನ ಚಪ್ಪಡಿಯ ಮೇಲೆ ಒಬ್ಬೊಬ್ಬರಿಗೆ ಹಿತವಾಗುವ ಆಹಾರ. ಇರುವುದು ಎಲ್ಲರಿಗೂ ಸಾಕಾಗುತ್ತದೆ ಎಂಬ ಅರ್ಥದ ಬರಹವೊಂದು ಕಲ್ಲಿನಲ್ಲಿ ಕೆತ್ತಿದೆ. ಕಣ್ಣು ಕಾಣದ ಮೋಲಿಗೆ ವಿಲ್ಲಿ ಆ ದೃಶ್ಯವನ್ನು ಬಣ್ಣಿಸುತ್ತದೆ. 1226ರಲ್ಲಿ ತೀರಿಕೊಂಡ ಇಟಲಿಯ ಆ ಸಂತ, ಹಕ್ಕಿಗಳಿಗೂ ಉಪದೇಶಿಸಿದನೆಂದು ಪ್ರತೀತಿಯುಳ್ಳವನು. 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವನನ್ನು ಪರಿಸರದ ಕಾಳಜಿಯುಳ್ಳವರ ಪೋಷಕ ಸಂತನೆಂದು ಘೋಷಿಸಿದರು. ಲಾಸನ್ ಅವನನ್ನು ಆರಿಸಿಕೊಂಡದ್ದು ಅದಕ್ಕೂ 35 ವರ್ಷ ಮೊದಲು.

ಬಹುತೇಕ ಲೇಖಕರು ಇಲ್ಲಿಗೆ ಕಥೆಯನ್ನು ಮುಗಿಸಿಬಿಡುತ್ತಿದ್ದರು. ಲಾಸನ್ ಮುಗಿಸುವುದಿಲ್ಲ. ಉಂಡು ಮುಗಿದ ಮೇಲೆ ಕೆಂಪು ಜಿಂಕೆ ಗುಡ್ಡದ ಪರವಾಗಿ ಕಟ್ಟಳೆ ವಿಧಿಸುತ್ತದೆ: ಇಂದಿನಿಂದ ಈ ತೋಟಕ್ಕೆ ಯಾರೂ ಬಾಯಿ ಹಾಕಕೂಡದು. ಅದಕ್ಕೆ ಮೊದಲು ಪ್ರಾಣಿಗಳು ಸಭೆ ಸೇರಿ, ತೋಟದಲ್ಲಿ ಯಾರಿಗೆ ಯಾವ ಪಾಲೆಂದು ತಮ್ಮತಮ್ಮಲ್ಲಿ ಹಂಚಿಕೊಂಡಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. ಹಕ್ಕೆಂದು ಎಣಿಸಿದ್ದನ್ನು ಅವು ತಾವಾಗಿಯೇ ಬಿಟ್ಟುಕೊಡುತ್ತವೆ. ಬೇಲಿ, ಬೋನು, ವಿಷಗಳಿಂದ ಕಾಯ್ದ ಪಕ್ಕದ ತೋಟಗಳು ಹಾಳಾದರೆ, ಬೇಲಿಯೇ ಇಲ್ಲದ ಈ ತೋಟ ನಳನಳಿಸುತ್ತದೆ. ಟಿಮ್ ಮೆಕ್‌ಗ್ರಾತ್‌ಗೆ ಇದರ ಗುಟ್ಟು ಹೊಳೆಯುವುದಿಲ್ಲ. ಓದುವ ಮಗುವಿಗೆ ಹೊಳೆಯುತ್ತದೆ. ಕೊಡುವವನು ಮೊದಲು ಕರಾರಿಲ್ಲದೆ ಕೊಟ್ಟ; ಪಡೆದವನು ಕೇಳಿಸಿಕೊಳ್ಳದೆಯೇ ಸಂಯಮ ತೋರಿದ. ಸ್ವಾಗತವೆಂಬುದು ಒಂದು ಕಡೆಯ ಔದಾರ್ಯವಲ್ಲ, ಎರಡು ಕಡೆಯ ನಡತೆ ಎಂಬುದೇ ಈ ಕೃತಿಯ ಸಾರ. ಮಠದ ಪ್ರಸಾದನಿಲಯದಲ್ಲಿ ಪಂಕ್ತಿಯಲ್ಲಿ ಕುಳಿತು ಉಂಡು ಬೆಳೆದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಅನ್ನ ಎಲ್ಲರಿಗೂ ಸಾಲುವುದು ಕೊಪ್ಪರಿಗೆಯ ಗಾತ್ರದಿಂದ ಮಾತ್ರವಲ್ಲ, ಪಕ್ಕದಲ್ಲಿ ಕುಳಿತ ಹೊಸ ಹುಡುಗನ ಎಲೆಯತ್ತ ಒಮ್ಮೆ ನೋಡಿ ತನ್ನ ಕೈಯನ್ನು ತಡೆದವನಿಂದಲೂ ಹೌದು.

ಕೃತಿಯ ಕಾಲವನ್ನು ಮರೆತರೆ ಈ ಸಂಯಮದ ತೂಕ ತಿಳಿಯುವುದಿಲ್ಲ. 1944ರಲ್ಲಿ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಅಮೆರಿಕದಲ್ಲಿ ಸಕ್ಕರೆ, ಮಾಂಸ ಮೊದಲಾದ ಪದಾರ್ಥಗಳಿಗೆ ಪಡಿತರವಿತ್ತು. ಮನೆಮನೆಯಲ್ಲಿ ತರಕಾರಿ ಬೆಳೆಯಿರೆಂದು ಸರ್ಕಾರವೇ ಪ್ರೋತ್ಸಾಹಿಸುತ್ತಿತ್ತು. ಅವಕ್ಕೆ ವಿಕ್ಟರಿ ಗಾರ್ಡನ್, ಎಂದರೆ ವಿಜಯದ ತೋಟಗಳೆಂದು ಹೆಸರು. ಹುರುಳಿಕಾಯಿಯ ಒಂದು ಸಾಲಿನ ಬೆಲೆ ಅಂದಿನ ಮಗುವಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲರಿಗೂ ಸಾಕು ಎಂಬ ಮಾತನ್ನು ಸಮೃದ್ಧಿಯ ದಿನಗಳಲ್ಲಿ ಯಾರು ಬೇಕಾದರೂ ಹೇಳಬಹುದು. ಕೊರತೆಯ ದಿನಗಳಲ್ಲಿ ಹೇಳಿದ್ದರಿಂದಲೇ ಅದಕ್ಕೆ ಧೈರ್ಯದ ಬೆಲೆ ಬಂದಿದೆ.

ಆದರೆ ಉಣಿಸುವ ಕೈಯನ್ನೆಲ್ಲ ನಂಬಬಹುದೆ? ಈ ಪ್ರಶ್ನೆಯನ್ನು ಕೇಳದೆ ವಿಮರ್ಶೆ ಪೂರ್ಣವಾಗದು. ಇಂಗ್ಲೆಂಡಿನ ರಿಚರ್ಡ್ ಆಡಮ್ಸ್ 1972ರಲ್ಲಿ ಪ್ರಕಟಿಸಿದ ‘ವಾಟರ್‌ಶಿಪ್ ಡೌನ್’ ಎಂಬ ಮೊಲಗಳ ಕಾದಂಬರಿಯಲ್ಲಿ ಇದಕ್ಕೆ ಪ್ರತಿಚಿತ್ರವಿದೆ. ಮನುಷ್ಯರ ಕಟ್ಟಡಗಳಿಗಾಗಿ ನೆಲೆ ಕಳೆದುಕೊಳ್ಳಲಿರುವ ಮೊಲಗಳು ಅಲ್ಲಿ ವಲಸೆ ಹೊರಡುತ್ತವೆ. ನಡುವೆ ಒಂದು ಬಿಲದ ಊರು ಅವನ್ನು ಆದರದಿಂದ ಬರಮಾಡಿಕೊಳ್ಳುತ್ತದೆ. ಅಲ್ಲಿ ಆಹಾರಕ್ಕೆ ಕೊರತೆಯಿಲ್ಲ, ರೈತನೊಬ್ಬ ದಿನವೂ ತಂದು ಸುರಿಯುತ್ತಾನೆ. ಸುತ್ತಲೂ ಉರುಲನ್ನೂ ಒಡ್ಡಿರುತ್ತಾನೆ. ಆ ಊರಿನ ಮೊಲಗಳಿಗೆ ಇದು ತಿಳಿದಿದೆ, ಆದರೆ ಬಾಯಿ ಬಿಡುವುದಿಲ್ಲ. ಎರಡು ಪುಸ್ತಕಗಳನ್ನೂ ಒಟ್ಟಿಗಿಟ್ಟು ನೋಡಿದಾಗ ಲಾಸನ್ನನ ಆಶಾವಾದ ಮುಗ್ಧವೆನಿಸಬಹುದು. ಆದರೂ ವ್ಯತ್ಯಾಸವೊಂದಿದೆ. ಆಡಮ್ಸನ ರೈತನ ದಾನಕ್ಕೆ ಗುಪ್ತವಾದ ಉದ್ದೇಶವಿದೆ, ಪಡೆದವರ ಮೌನ ಅದನ್ನು ಕಾಯುತ್ತದೆ. ಲಾಸನ್ನನ ಮನೆಯವರು ಮೊದಲು ಬೋನನ್ನು ತೆಗೆದರು, ಆಮೇಲೆ ಅನ್ನವನ್ನಿಟ್ಟರು. ಈ ಕ್ರಮವೇ ನಂಬಿಕೆಗೆ ಆಧಾರ. ಬೆಳೆದ ಮಕ್ಕಳ ಕೈಗೆ ಈ ಎರಡನ್ನೂ ಒಂದರ ಹಿಂದೊಂದು ಕೊಡುವುದು ಉಚಿತ.

ಇನ್ನು ದೋಷಗಳ ವಿಚಾರ. ಅವು ಸಣ್ಣವಲ್ಲ. ಹೊಸ ಮನೆಯಲ್ಲಿ ಅಡುಗೆಯ ಕೆಲಸಕ್ಕೆ ಸಲ್ಫ್ರೋನಿಯಾ ಎಂಬ ಕರಿಯ ಹೆಂಗಸು ಇದ್ದಾಳೆ. ಮೊದಲ ಮುದ್ರಣದಲ್ಲಿ ಅವಳ ಮಾತನ್ನೂ ರೂಪವನ್ನೂ ಅಂದಿನ ಬಿಳಿಯರ ಪರಿಹಾಸದ ಅಚ್ಚಿನಲ್ಲಿಯೇ ಎರಕ ಹೊಯ್ದಿತ್ತು. ಆಕ್ಷೇಪ ಬಂದ ಮೇಲೆ ಮುಂದಿನ ಮುದ್ರಣಗಳಲ್ಲಿ ಆ ಭಾಗಗಳನ್ನು ತಿದ್ದಲಾಯಿತು. ತಿದ್ದಿದ್ದು ಸರಿಯೇ, ಆದರೆ ವಿಮರ್ಶಕನಾದವನು ಅದನ್ನು ಮರೆಮಾಚಬಾರದು. ಇಲಿಗೂ ಸ್ಕಂಕಿಗೂ ವ್ಯಕ್ತಿತ್ವ ಕೊಟ್ಟ ಲೇಖಕನಿಗೆ, ಪ್ರಾಣಿಗಳ ಬೀದಿಯಲ್ಲಿ ವಾಹನಗಳು ಮೆಲ್ಲಗೆ ಸಾಗಬೇಕೆಂದು ಕಾಳಜಿ ವಹಿಸಿದ ಮನೆಗೆ, ಅದೇ ಮನೆಯ ಒಲೆಯ ಮುಂದೆ ನಿಂತ ಮನುಷ್ಯಳು ಪೂರ್ಣವಾಗಿ ಕಾಣಲಿಲ್ಲ. ದೂರದ ಜೀವಿಗೆ ಮರುಗುವುದು ಸುಲಭ, ಕೈಯಳತೆಯಲ್ಲಿ ದುಡಿಯುವವರನ್ನು ಸಮಾನರೆಂದು ಕಾಣುವುದು ಕಷ್ಟ. ಎಲ್ಲರಿಗೂ ಸಾಕು ಎಂಬ ಬರಹವನ್ನು ಓದುವಾಗ ‘ಎಲ್ಲರೂ’ ಎಂದರೆ ಯಾರು ಯಾರು ಎಂದು ಮಕ್ಕಳು ಕೇಳಬೇಕು. ಈ ಪುಸ್ತಕ ಆ ಪ್ರಶ್ನೆಗೆ ಅವಕಾಶ ಕೊಡುತ್ತದೆ, ತಾನು ಉತ್ತೀರ್ಣವಾಗುವುದಿಲ್ಲ.

ಎರಡನೆಯ ದೋಷ ಇತಿಹಾಸಕ್ಕೆ ಸಂಬಂಧಿಸಿದ್ದು. ಕನೆಟಿಕಟ್ ಎಂಬ ಹೆಸರೇ ಅಲ್ಲಿನ ಮೂಲನಿವಾಸಿಗಳ ಭಾಷೆಯದು. ಉದ್ದನೆಯ ನದಿಯ ದಡ ಎಂಬುದು ಅದರ ಅರ್ಥ. ಗುಡ್ಡದ ಹಿಂದಿನವರೆಂದರೆ ಪ್ರಾಣಿಗಳು ಮಾತ್ರ ಎಂಬಂತೆ ನಡೆಯುವ ಕಥೆಯಲ್ಲಿ ಆ ಜನರ ನೆರಳೂ ಇಲ್ಲ. ಹೊಸಬರು ಬಂದಾಗ ಇದ್ದವರು ನೆಲೆ ಕಳೆದುಕೊಂಡ ಚರಿತ್ರೆ ಅದೇ ಮಣ್ಣಿನಲ್ಲಿ ನಡೆದಿರುವಾಗ ಈ ಮೌನ ಎದ್ದು ಕಾಣುತ್ತದೆ.

ಮೊಲಗಳ ಸಂಗತಿಯಲ್ಲಿಯೂ ಒಂದು ಕುತೂಹಲವಿದೆ. ತಂದೆಮೊಲ ತಾನು ಹುಟ್ಟಿದ ಕೆಂಟಕಿಯ ಹುಲ್ಲುಗಾವಲನ್ನು ಮಾತುಮಾತಿಗೂ ನೆನೆಯುತ್ತದೆ. ಎಂದರೆ ಗುಡ್ಡದ ಗೌರವಸ್ಥನೂ ಒಂದು ಕಾಲದ ಹೊಸಬನೇ. ಲಾಸನ್ ಇದನ್ನು ಹಾಸ್ಯಕ್ಕಾಗಿ ಬಳಸಿದರೂ ನಿಸರ್ಗದ ಚರಿತ್ರೆ ಅದಕ್ಕೆ ಗಂಭೀರವಾದ ಟಿಪ್ಪಣಿಯನ್ನು ಬರೆದಿದೆ. ಇಂದು ಆ ಸೀಮೆಯಲ್ಲಿ ಹೇರಳವಾಗಿರುವ ಪೂರ್ವದ ಕಾಟನ್‌ಟೇಲ್ ಎಂಬ ಮೊಲವನ್ನು ಬೇಟೆಯ ಸಲುವಾಗಿ ಹೊರಗಿನಿಂದ ತಂದು ಬಿಟ್ಟರು. ಅಲ್ಲಿಯದೇ ಆದ ನ್ಯೂ ಇಂಗ್ಲೆಂಡ್ ಕಾಟನ್‌ಟೇಲ್ ಪೊದೆಗಾಡುಗಳು ಕಡಿಮೆಯಾದಂತೆ, ಈ ಪೈಪೋಟಿಯೂ ಕೂಡಿ, ಕ್ಷೀಣಿಸಿತು. ಸ್ವಾಗತವೆಂದರೆ ಬಾಗಿಲು ತೆರೆದು ಸುಮ್ಮನಿರುವುದಲ್ಲ, ಇಬ್ಬರಿಗೂ ನೆಲೆ ಉಳಿಯುವಂತೆ ನೋಡಿಕೊಳ್ಳುವುದು ಎಂಬುದನ್ನು ಈ ಎರಡು ಮೊಲಗಳ ಕಥೆ ಕಾದಂಬರಿಗಿಂತ ಕಠಿಣವಾಗಿ ಕಲಿಸುತ್ತದೆ.

ಇದೇ ಸಂದರ್ಭದಲ್ಲಿ ಶಿಕ್ಷಕರಿಗೆ ಒಂದು ಸೂಚನೆ. ಕಾಡಿನ ಪ್ರಾಣಿಗಳಿಗೆ ಊಟ ಹಾಕುವುದೇ ಪ್ರಕೃತಿಪ್ರೇಮವೆಂದು ಮಕ್ಕಳು ಈ ಪುಸ್ತಕದಿಂದ ತಿಳಿಯಬಾರದು. ಬಗೆಬಗೆಯ ಪ್ರಾಣಿಗಳು ಒಂದೇ ಕಡೆ ಸೇರಿ ತಿಂದರೆ ರೋಗ ಹರಡುತ್ತದೆ, ಮನುಷ್ಯನ ಭಯ ತಪ್ಪಿ ಅವಕ್ಕೇ ಅಪಾಯವಾಗುತ್ತದೆಂದು ಇಂದಿನ ವಿಜ್ಞಾನ ಹೇಳುತ್ತದೆ. ಉಣ್ಣೆಯ ಕಡಿತದಿಂದ ಬರುವ ಲೈಮ್ ರೋಗಕ್ಕೆ ಆ ಹೆಸರು ಬಂದದ್ದು ಇದೇ ಕನೆಟಿಕಟ್ಟಿನ ಲೈಮ್ ಎಂಬ ಊರಿನಿಂದ. 1975ರ ಹೊತ್ತಿಗೆ ಅಲ್ಲಿನ ಮಕ್ಕಳಲ್ಲಿ ಕಂಡ ಕೀಲುಬೇನೆಯನ್ನು ಪರಿಶೀಲಿಸುವಾಗ ಅದು ಬೆಳಕಿಗೆ ಬಂತು. ಆ ಉಣ್ಣೆಗಳು ಜಿಂಕೆ, ಇಲಿಗಳ ಮೈಮೇಲೆ ಬದುಕುತ್ತವೆ. ಕಥೆಯ ಚಪ್ಪಡಿಯೂಟವನ್ನು ರೂಪಕವೆಂದೇ ತಿಳಿಯಬೇಕು. ಅನುಸರಿಸತಕ್ಕದ್ದು ಬೋನು, ವಿಷಗಳ ತ್ಯಾಗವನ್ನು, ಹಾದಿಯ ಫಲಕವನ್ನು, ಗೋಡೆಯ ಸಂದಿಯಲ್ಲಿರುವ ಬಿಲವನ್ನು ಕದಲಿಸದ ಜಾಗರೂಕತೆಯನ್ನು.

ಲಾಸನ್ ತಾನೇ ತನ್ನ ಆಶಾವಾದವನ್ನು ಮುಂದೊಮ್ಮೆ ಒರೆಗೆ ಹಚ್ಚಿದನೆಂಬುದು ಅವನ ಪ್ರಾಮಾಣಿಕತೆಗೆ ಸಾಕ್ಷಿ. 1954ರಲ್ಲಿ ಬಂದ ಇದರ ಉತ್ತರಭಾಗ ‘ದಿ ಟಫ್ ವಿಂಟರ್’, ಎಂದರೆ ಕಡುಚಳಿಗಾಲ. ಅದರಲ್ಲಿ ಮನೆಯವರು ಚಳಿಗಾಲಕ್ಕೆ ದೂರ ಹೋಗುತ್ತಾರೆ. ಮನೆ ನೋಡಿಕೊಳ್ಳಲು ಬಂದವರಿಗೆ ಪ್ರಾಣಿಗಳ ಮೇಲೆ ಮರುಕವಿಲ್ಲ. ಅವರ ನಾಯಿಯ ಕಾಟ ಬೇರೆ. ಹಿಮ, ಮಂಜುಗಡ್ಡೆ, ಹಸಿವುಗಳಲ್ಲಿ ಗುಡ್ಡ ನಲುಗುತ್ತದೆ. ಒಬ್ಬರ ದಯೆಯನ್ನು ನೆಚ್ಚಿದ ಬದುಕು ಆ ಒಬ್ಬರು ಇಲ್ಲದಾಗ ಏನಾಗುತ್ತದೆಂಬ ಪ್ರಶ್ನೆ ಅಲ್ಲಿದೆ. ಆಗ ಪ್ರಾಣಿಗಳು ಉಳಿಯುವುದು ಒಂದಕ್ಕೊಂದು ಆಸರೆಯಾಗಿ. ಮೊದಲ ಭಾಗದ ಹಬ್ಬದೂಟವನ್ನು ಓದಿದವರು ಎರಡನೆಯ ಭಾಗದ ಉಪವಾಸವನ್ನೂ ಓದಿದರೆ ಮಾತ್ರ ಲೇಖಕನ ಮನಸ್ಸು ಪೂರ್ತಿಯಾಗಿ ತಿಳಿದೀತು.

ಶೈಲಿಯ ಬಗ್ಗೆ ಎರಡು ಮಾತು. ಪ್ರತಿಯೊಂದು ಪ್ರಾಣಿಗೂ ತನ್ನದೇ ಆದ ಮಾತಿನ ಧಾಟಿಯಿದೆ. ತಂದೆಮೊಲ ದಕ್ಷಿಣದ ಹಳೆಯ ಸಂಭಾವಿತರಂತೆ ನೀಳವಾದ ವಾಕ್ಯಗಳಲ್ಲಿ ಮಾತನಾಡಿದರೆ, ಅನಲ್ಡಸ್ ಒರಟು ಹಳ್ಳಿಗ. ಇದನ್ನು ಕನ್ನಡಿಸುವವರು ಎಲ್ಲರ ಬಾಯಲ್ಲಿಯೂ ಪಠ್ಯಪುಸ್ತಕದ ಭಾಷೆಯನ್ನಿಟ್ಟರೆ ಕೃತಿಯ ಜೀವ ಹೋದಂತೆ. ಪಂಡಿತರ ಗ್ರಾಂಥಿಕವೂ ಧಾರವಾಡದ ಸೀಮೆಯ ಹಿರಿಯರ ಆಡುಮಾತೂ ನಮ್ಮಲ್ಲಿರುವಾಗ ಆ ಹಾಸ್ಯ ಕನ್ನಡಕ್ಕೆ ಚೆನ್ನಾಗಿಯೇ ಒಗ್ಗೀತು. ಲಾಸನ್ ಬರೆದ ಕಪ್ಪುಬಿಳುಪಿನ ಚಿತ್ರಗಳು ಕಥೆಯಷ್ಟೇ ಮುಖ್ಯವಾದುವು. ಪ್ರಾಣಿಗಳಿಗೆ ಮನುಷ್ಯರ ಮಾತನ್ನು ಕೊಟ್ಟರೂ ಚಿತ್ರದಲ್ಲಿ ಅವುಗಳ ಮೈಯನ್ನು ಪ್ರಾಣಿಗಳ ಮೈಯಾಗಿಯೇ ಉಳಿಸಿದ್ದಾನೆ. ನಿಜವಾದ ಕಾಟನ್‌ಟೇಲ್ ಮೊಲ ತಾನೇ ಬಿಲ ತೋಡುವುದಿಲ್ಲ, ವುಡ್‌ಚಕ್ ತೊರೆದ ಬಿಲದಲ್ಲಿ ಆಶ್ರಯ ಪಡೆಯುತ್ತದೆಂಬ ಸಂಗತಿ ಕಥೆಯ ಮೊಲಗಳ ಗೃಹಸ್ಥಿಕೆಗೆ ಹೊಂದದಿದ್ದರೂ, ನೆರೆಯವನ ಮನೆಯಿಂದಲೇ ತನ್ನ ಮನೆ ಎಂಬ ಅರ್ಥ ಅದರಲ್ಲಿ ಇದ್ದೇ ಇದೆ.

ಒಟ್ಟಿನಲ್ಲಿ, ‘ರ‍್ಯಾಬಿಟ್ ಹಿಲ್’ ನಿರ್ದೋಷವಾದ ಕೃತಿಯಲ್ಲ; ಆದರೆ ಒಳ್ಳೆಯ ಕೃತಿ. ಹತ್ತು ವರ್ಷದ ಆಸುಪಾಸಿನ ಮಕ್ಕಳಿಗೆ ಹಿರಿಯರು ಪಕ್ಕದಲ್ಲಿ ಕುಳಿತು ಓದಿಸತಕ್ಕದ್ದು. ಬರಗಾಲ, ಕೆಲಸ, ವಿದ್ಯೆ, ಯುದ್ಧ ಮುಂತಾದ ನಾನಾ ಕಾರಣಗಳಿಂದ ಜನ ಒಂದೂರಿನಿಂದ ಮತ್ತೊಂದೂರಿಗೆ ಹೋಗುವುದು ನಿಲ್ಲುವುದಿಲ್ಲ. ನಮ್ಮ ಮಕ್ಕಳು ಕೆಲವೊಮ್ಮೆ ಗುಡ್ಡದಲ್ಲಿ ಕಾದಿರುವವರಾಗುತ್ತಾರೆ, ಕೆಲವೊಮ್ಮೆ ಗಾಡಿಯಿಂದ ಇಳಿಯುವ ಹೊಸಬರಾಗುತ್ತಾರೆ. ಎರಡು ಸ್ಥಾನಗಳಿಗೂ ಬೇಕಾದ ನಡತೆಯನ್ನು ಅವರು ಒಂದೇ ಪುಸ್ತಕದಿಂದ ಕಲಿಯಲಾರರು. ಆದರೆ ಕಲಿಯತೊಡಗುವುದಕ್ಕೆ ಈ ಬೇಲಿಯಿಲ್ಲದ ತೋಟ ತಕ್ಕ ಸ್ಥಳ. ಮನೆಯ, ಶಾಲೆಯ, ವಿದ್ಯಾರ್ಥಿನಿಲಯದ ಪುಸ್ತಕದ ಕಪಾಟಿನಲ್ಲಿ ಇದಕ್ಕೊಂದು ಜಾಗವಿರಲಿ.